ಗಾಜಿನ ಹಿಂದಿನ ಆಮೆ

ಅವರ ಹನ್ನೊಂದನೆಯ ದಿನದ ಊಟಕ್ಕೆ ಕುಳಿತಿದ್ದಾಗ ನನ್ನ ಎಡಗಡೆಯ ಎಲೆಯವರು, ನಾಣ್ಯದ ವಿಷಯದಲ್ಲಿ ಅವರನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಇರಲಿಲ್ಲ ಎಂದರು. ಬಲಗಡೆಯ ಎಲೆಯವರು, ಜಿಲ್ಲೆಯಲ್ಲೇ ಇರಲಿಲ್ಲ ಎಂದು ತಿದ್ದಿದರು. ಮಜ್ಜಿಗೆ ಬರುವ ಹೊತ್ತಿಗೆ ಅದು ರಾಜ್ಯದವರೆಗೆ ಹೋಗಿತ್ತು. ನಾನು ಸುಮ್ಮನೆ ಉಂಡು ಎದ್ದೆ. ಸತ್ತವರ ಮನೆಯಲ್ಲಿ ಸತ್ತವರ ಬಗ್ಗೆ ನಿಜ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬರೆಯುವುದಕ್ಕೆ ಆ ಅಡ್ಡಿಯಿಲ್ಲ. ನಾಣ್ಯದ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು ಬಹಳ ಕಡಿಮೆ. ಹದಿಮೂರು ವರ್ಷ ಪಕ್ಕದ ಮನೆಯಲ್ಲಿದ್ದು ನೋಡಿದವನು ನಾನು. ಹೆಸರು ಬರೆಯುವುದಿಲ್ಲ. ಹುಣಸೂರಿನವರಿಗೆ ಅದರ ಅಗತ್ಯವಿಲ್ಲ, ಉಳಿದವರಿಗೆ ಉಪಯೋಗವಿಲ್ಲ.

ಅವರಿಗೆ ನಿಜವಾಗಿ ಗೊತ್ತಿದ್ದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಅವರು ಹೊಗೆಸೊಪ್ಪಿನ ದರ್ಜೆ ಹೇಳುವವರು. ಒಂದು ಖಾಸಗಿ ಕಂಪನಿಯ ಪರವಾಗಿ ಹುಣಸೂರು, ಪಿರಿಯಾಪಟ್ಟಣದ ಹರಾಜು ಕಟ್ಟೆಗಳಲ್ಲಿ ಮೂವತ್ತು ವರ್ಷ ಬೇಲು, ಎಂದರೆ ಎಲೆಯ ದೊಡ್ಡ ಕಟ್ಟು, ನೋಡಿದರು. ಸಾಲಾಗಿ ಇಟ್ಟ ಬೇಲುಗಳ ನಡುವೆ ನಡೆಯುತ್ತ ಹೋಗುವುದು, ಬೇಲಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ತೂರಿಸುವುದು, ಒಂದು ಎಲೆ ಎಳೆದು ಹೆಬ್ಬೆರಳಿನಿಂದ ಸವರಿ, ಮೂಸಿ, ಒಂದೇ ಮಾತಿನಲ್ಲಿ ದರ್ಜೆ ಹೇಳುವುದು. ಮೇಲಿನ ಎಲೆಯನ್ನು ಅವರು ನೋಡುತ್ತಲೇ ಇರಲಿಲ್ಲ. ಅಲ್ಲಿ ರೈತ ತನ್ನ ಒಳ್ಳೆಯ ಎಲೆ ಇಟ್ಟಿರುತ್ತಾನೆ, ಕಳಪೆಯದು ನಡುವೆ ಇರುತ್ತದೆ ಎನ್ನುವುದು ಅವರ ಅನುಭವ. ಅವರ ದರ್ಜೆಯನ್ನು ರೈತರು ಬೈದುಕೊಂಡು ಒಪ್ಪುತ್ತಿದ್ದರು. "ಸರಕು ಮಾತಾಡ್ತದೆ, ನಾವು ಸುಮ್ಕಿರಬೇಕು" ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಸುಮ್ಮನಿದ್ದದ್ದನ್ನು ಮಾತ್ರ ನಾನು ನೋಡಲಿಲ್ಲ.

ಆ ಸಿಮೆಂಟು ನೆಲದ ಮೇಲೆ ಮೂವತ್ತು ವರ್ಷ ನಿಂತದ್ದಕ್ಕೆ ಅವರ ಮಂಡಿ ಎರಡೂ ಹೋಗಿದ್ದವು. ಕುಳಿತರೆ ಕಾಲು ಚಾಚಿ ಕೂರಬೇಕು, ಏಳಬೇಕಾದರೆ ಗೋಡೆ ಹಿಡಿಯಬೇಕು. ಅವರು ನಮ್ಮ ಜಗಲಿಗೆ ಬಂದು ಹೋದ ಮೇಲೆ ಒಂದು ಗಂಟೆ ನೋವಿನ ಎಣ್ಣೆಯ ವಾಸನೆ ಇರುತ್ತಿತ್ತು.

ನಾನು ಕೃಷ್ಣರಾಜನಗರದಲ್ಲಿ ಸ್ಟೇಷನ್ ಮಾಸ್ತರನಾಗಿ ನಿವೃತ್ತನಾಗಿ, ತೊಂಬತ್ತರ ದಶಕದ ನಡುವಿನಲ್ಲಿ ಹುಣಸೂರಿನಲ್ಲಿ ಮನೆ ಕಟ್ಟಿಸಿಕೊಂಡು ಬಂದೆ. ಅವರು ಆಗ ಬೇಲು ಬಿಟ್ಟು ನಾಣ್ಯ ಹಿಡಿದಿದ್ದರು. ಎಲೆ ನೋಡುವ ಕ್ರಮವನ್ನೇ ನಾಣ್ಯಕ್ಕೂ ಇಟ್ಟರು, ತಪ್ಪು ಅಲ್ಲೇ ಶುರುವಾಯಿತು. ತಾಮ್ರದ ಕಾಸನ್ನು ಹೆಬ್ಬೆರಳಿನಿಂದ ಸವರಿ, ಮೂಸಿ, ಅದರ ವಯಸ್ಸು ಹೇಳುವ ಮನುಷ್ಯನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೊಗೆಸೊಪ್ಪಿನಲ್ಲಿ ಬ್ರೈಟ್ ಎಂದರೆ ಹೊಳಪಿನ ಹಳದಿ ಎಲೆ, ಅದಕ್ಕೆ ಮೇಲಿನ ದರ. ಕಪ್ಪಗಿನದು ಲೋ. ಆದ್ದರಿಂದ ನಾಣ್ಯವೂ ಹೊಳೆದರೆ ಬ್ರೈಟ್, ಕಪ್ಪಗಿದ್ದರೆ ಲೋ ಎಂದು ತೀರ್ಮಾನಿಸಿದರು. ಲೋ ಆದದ್ದನ್ನು ಬ್ರೈಟ್ ಮಾಡುವ ಸೌಕರ್ಯ ಎಲೆಗಿಲ್ಲ, ನಾಣ್ಯಕ್ಕಿದೆಯಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಒಂದು ಬಟ್ಟಲು ಹುಣಸೇಹಣ್ಣು, ಒಂದು ಹಿಡಿ ಉಪ್ಪು, ತೆಂಗಿನ ನಾರು ಇಟ್ಟುಕೊಂಡು, ಎರಡು ನೂರು ವರ್ಷದ ಆನೆ ಕಾಸುಗಳನ್ನು ದೇವರ ದೀಪ ಉಜ್ಜಿದ ಹಾಗೆ ಉಜ್ಜುತ್ತಿದ್ದರು. ಆನೆಯ ಸೊಂಡಿಲು ಮಾಯವಾಗುವವರೆಗೆ ಉಜ್ಜಿದ್ದೂ ಉಂಟು.

ನನಗೆ ನಾಣ್ಯದ ಜ್ಞಾನವಿಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಂದ ಕೇಳಿ ತಿಳಿಯುವ ಶಿಸ್ತು ಇದೆ. ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಿದ್ದ ಪರಿಚಯದವರೊಬ್ಬರನ್ನು ಒಂದು ಭಾನುವಾರ ಕರೆಸಿದೆ. ಇವರು ತಮ್ಮ ಮನೆಯ ಹಜಾರದಲ್ಲಿ ಹಳೆಯ ಸೀರೆ ಹಾಸಿ ನಲವತ್ತು ಕಾಸುಗಳನ್ನು ಸಾಲಾಗಿ ಇಟ್ಟಿದ್ದರು, ಬೇಲು ಇಟ್ಟ ಹಾಗೆ. ಎಲ್ಲವೂ ಹೊಸ ಬೋಲ್ಟಿನಂತೆ ಮಿನುಗುತ್ತಿದ್ದವು. ಮೇಷ್ಟ್ರು ಭೂತಗನ್ನಡಿ ತೆಗೆದರು, ಮೂರನ್ನು ನೋಡಿದರು, ಕನ್ನಡಿ ಜೇಬಿಗೆ ಹಾಕಿಕೊಂಡರು. ಇವನ್ನು ತೊಳೆದವರು ಯಾರು ಎಂದು ಕೇಳಿದರು.

"ನಾನೇ ಸ್ವಾಮಿ. ಒಂದೊಂದಕ್ಕೂ ಅರ್ಧ ಗಂಟೆ" ಎಂದರು ಇವರು, ಬಹುಮಾನಕ್ಕೆ ಕಾಯುವವರ ಮುಖ ಮಾಡಿಕೊಂಡು.

ತಾಮ್ರದ ಮೇಲೆ ಕಾಲ ಕೂರಿಸಿದ ಕಪ್ಪು ಅದರ ಚರ್ಮ ಇದ್ದ ಹಾಗೆ, ಬೆಲೆ ಬರುವುದು ಅದಕ್ಕೇ, ಅದನ್ನು ಸುಲಿದ ಮೇಲೆ ಉಳಿಯುವುದು ತೂಕದ ತಾಮ್ರ ಎಂದು ಮೇಷ್ಟ್ರು ಮೆಲ್ಲಗೆ ವಿವರಿಸಿದರು. ಕಾಫಿ ಕುಡಿದು ಐದೂಕಾಲರ ಬಸ್ಸಿಗೆ ಹೊರಟರು. ಅವರು ಗೇಟು ದಾಟುವವರೆಗೆ ಇವರು ಕೈ ಮುಗಿದುಕೊಂಡೇ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಪುಸ್ತಕ ಓದಿದವ್ರು ಕಣ್ರೀ ಮಾಸ್ಟ್ರೇ, ಪಾಪ. ಸರಕು ಕೈಲಿಡಿದವ್ರಲ್ಲ" ಎಂದರು.

ಮುಂದಿನ ಭಾನುವಾರ ಏಳಕ್ಕೆ ಮತ್ತೆ ಕಲ್ಲು, ಮತ್ತೆ ಬಟ್ಟಲು. ನಾನು ಬೆಳಗಿನ ನಡಿಗೆ ಮುಗಿಸಿ ಏಳು ಐದಕ್ಕೆ ಕಾಂಪೌಂಡಿನ ಪಕ್ಕ ಬರುತ್ತೇನೆ. ಪ್ರತಿ ವಾರ ಗೋಡೆಯ ಮೇಲಿಂದ ಒಂದೇ ಮಾತು ಹೇಳುತ್ತಿದ್ದೆ: ತೊಳೆಯಬೇಡಿ. ಪ್ರತಿ ವಾರ ಅವರದೂ ಒಂದೇ ಉತ್ತರ: "ಉಂಡ ತಟ್ಟೆ ತೊಳೀತೀರೋ ಇಲ್ವೋ?"

ಹತ್ತು ಗಂಟೆಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಮುಂದಿನ ಬೆಂಚಿನ ಮೇಲೆ ಅವರ ದರ್ಬಾರು. ಸುತ್ತಿನ ಹಳ್ಳಿಯವರು ಸಂತೆಗೋ ಔಷಧಿ ಅಂಗಡಿಗೋ ಬಂದವರು ಸೆರಗಿನ ತುದಿಯಿಂದ, ಎಲೆಯಡಿಕೆ ಚೀಲದಿಂದ ಹಳೆಯ ಕಾಸು ತೆಗೆದು ಅವರ ಅಂಗೈಯಲ್ಲಿಡುತ್ತಿದ್ದರು. ಸವರುವುದು, ಮೂಸುವುದು, ಹೋಟೆಲಿನ ಕಲ್ಲಿನ ಮೆಟ್ಟಿಲ ಮೇಲೆ ಒಂದು ಸಲ ಟಣ್ ಎನಿಸುವುದು, ದರ್ಜೆ. ಕಾಸು ಕೊಟ್ಟವರು ಚಹಾ ಕೊಡಿಸಬೇಕು, ಅಷ್ಟೇ ಶುಲ್ಕ. ಇಷ್ಟು ವರ್ಷದ, ಇಂಥ ಅರಸರ, ಇಂತಿಷ್ಟು ಸಾವಿರದ ಬೆಲೆ ಎಂದು ಅವರು ಹೇಳಿದ್ದನ್ನು ನಂಬಿ ಅದೇ ಕಾಸನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಜನ ಖುಷಿಯಾಗಿ ಹೋಗುತ್ತಿದ್ದರು. ಯಾರೂ ಮಾರಲಿಲ್ಲವಾದ್ದರಿಂದ ಅವರ ದರ ಸುಳ್ಳೆಂದು ಯಾರಿಗೂ ಗೊತ್ತಾಗಲಿಲ್ಲ. ವಿದ್ಯೆಗಿಂತ ಇಂಥ ಅನುಕೂಲದ ಮೇಲೆ ನಿಂತ ಕೀರ್ತಿ ಅದು.

ಒಂದು ವಿಷಯವನ್ನು ಮಾತ್ರ ಒಪ್ಪಬೇಕು. ಒಮ್ಮೆ ಜೀಪಿನಲ್ಲಿ ಮೂವರು ಬಂದು, ಅಕ್ಕಿಯನ್ನು ತನ್ನ ಕಡೆಗೆ ಎಳೆದುಕೊಳ್ಳುವ ತಾಮ್ರದ ನಾಣ್ಯವಿದೆ, ನೀವು ಬೆಂಚಿನ ಮೇಲೆ ಹೌದು ಎಂದರೆ ಸಾಕು ಎಂದರು. ಆ ಕಾಲದಲ್ಲಿ ಆ ಮೋಸಕ್ಕೆ ಮನೆ ಮಾರಿಕೊಂಡವರಿದ್ದರು. ಇವರು ಅಕ್ಕಿಯನ್ನು ಬಾಯಿಗೆ ಹಾಕಿಕೊಂಡು ಅಗಿದರು. "ಅಕ್ಕೀಲಿ ಕಬ್ಬಿಣದ ಪುಡಿ ಐತೆ, ಕಾಸಿನ ಹೊಟ್ಟೇಲಿ ಅಯಸ್ಕಾಂತ ಐತೆ. ಎದ್ದು ಹೋಗಿ" ಎಂದರು. ನಾನು ಅಲ್ಲೇ ಇದ್ದೆ. ಅಗಿದು ನೋಡುವ ಉಪಾಯ ನನಗೆ ಹೊಳೆಯುತ್ತಿರಲಿಲ್ಲ.

ಇನ್ನು ಆಮೆಯ ವಿಷಯ.

ಎರಡು ಸಾವಿರದ ಐದರ ಮಳೆಗಾಲ. ಬಿಳಿಕೆರೆ ಕಡೆಯ ಹೆಂಗಸೊಬ್ಬರು ಗುಡ್ಡದ ಬಂಡೆಯ ಸಂದಿಯಲ್ಲಿ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕಂಡರಂತೆ. ಒಳಗೆ ಒಂದು ಸಣ್ಣ ಪುಸ್ತಕ, ಪೆನ್ಸಿಲು, ಒಂದು ನಾಣ್ಯ. ಡಬ್ಬಿಯನ್ನು ಉಪ್ಪಿಗೆ ಇಟ್ಟುಕೊಂಡು, ಪುಸ್ತಕವನ್ನು ಒಲೆಗೆ ಹಾಕಿ, ನಾಣ್ಯವನ್ನು ಬೆಂಚಿಗೆ ತಂದರು. ಹಳೆಯ ಬೆಳ್ಳಿ ರೂಪಾಯಿಗಿಂತ ಅಗಲ, ಕಂಚಿನ ಬಣ್ಣ. ಒಂದು ಕಡೆ ಎಂಟು ಮೂಲೆಯ ನಕ್ಷತ್ರ, ಇನ್ನೊಂದು ಕಡೆ ನೀಲಿ ಬೆನ್ನಿನ ಆಮೆ, ಅದರ ಕೆಳಗೆ ಇಂಗ್ಲಿಷಿನ ಸಣ್ಣ ಅಕ್ಷರಗಳು. ಇವರು ಸವರಿದರು, ಮೂಸಿದರು. ಮೆಟ್ಟಿಲಿಗೆ ಬಡಿಯಲಿಲ್ಲ. ನೇರವಾಗಿ ಮನೆಗೆ ಹೋಗಿ, ತಮ್ಮ ಮನೆಯವರು ಆಗ ತಾನೇ ಕೊಂಡಿದ್ದ ಸ್ಟೀಲಿನ ಬಿಂದಿಗೆಯನ್ನು ತಂದು ಆ ಹೆಂಗಸಿಗೆ ಕೊಟ್ಟು ನಾಣ್ಯ ಇಟ್ಟುಕೊಂಡರು. ಆ ಬಿಂದಿಗೆಯ ಮಾತು ಅವರ ಮನೆಯಲ್ಲಿ ಅವರ ಕೊನೆಯವರೆಗೂ ಮುಗಿಯಲಿಲ್ಲ.

ಅವರು ಕೊಟ್ಟ ತೀರ್ಪು ಇದು. ನಕ್ಷತ್ರ ಅಷ್ಟದಿಕ್ಕು. ಆಮೆ ಕೂರ್ಮಾವತಾರ. ಇಂಗ್ಲಿಷ್ ಅಕ್ಷರವಿರುವುದರಿಂದ ಹಡಗಿನವರು ಯಾರೋ ಇದ್ದಾರೆ, ಬಹುಶಃ ಡಚ್ಚರು. ಕೆಳಗೆ ಮೂರು ಡಬ್ಲ್ಯು ಸಾಲಾಗಿವೆ, ಅದು ಒಡೆಯರ ಮೂರು ತಲೆಮಾರು. ಒಟ್ಟಿನಲ್ಲಿ ಡಚ್ಚರಿಗೂ ಮೈಸೂರಿಗೂ ಒಪ್ಪಂದವಾದಾಗ ಹಾಕಿಸಿದ ನಾಣ್ಯ, ಜಗತ್ತಿನಲ್ಲಿ ಎರಡೋ ಮೂರೋ ಇರಬಹುದು. ಬೆಲೆ ಒಂದು ಲಕ್ಷದಿಂದ ಮೇಲೆ. ಬೆಂಚಿನ ಮೇಲೆ ಯಾರೂ ನಗಲಿಲ್ಲ. ನಾನೊಬ್ಬನೇ ನಕ್ಕೆ. ಮೂರು ಡಬ್ಲ್ಯು ಎಲ್ಲಿ ಬರೆಯುತ್ತಾರೆಂದು ಗೊತ್ತಿರುವಷ್ಟು ಪೇಪರು ನಾನು ಓದುತ್ತೇನೆ.

ನಾಣ್ಯವನ್ನು ಕೈಗೆ ತೆಗೆದುಕೊಂಡು ಅಕ್ಷರವನ್ನೂ ಅದರ ಕೆಳಗಿನ ಆರು ಅಂಕಿ-ಅಕ್ಷರಗಳ ನಂಬರನ್ನೂ ನನ್ನ ಡೈರಿಯಲ್ಲಿ ಬರೆದುಕೊಂಡೆ. ನಮ್ಮ ರಸ್ತೆಯ ಕೊನೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಮೇಡಂ ಒಬ್ಬರು ಮೆಷಿನ್ನುಗಳನ್ನು ಮಾರಿ, ಅದೇ ಕೋಣೆಯಲ್ಲಿ ಸೈಬರ್ ಸೆಂಟರ್ ಮಾಡಿಕೊಂಡಿದ್ದರು. ಅವರು ನಂಬರು ಹೊಡೆದ ತಕ್ಷಣ ಆ ಆಮೆಯ ಜಾತಕವೇ ಪರದೆಯ ಮೇಲೆ ಬಂತು.

ಅದನ್ನು ಜಿಯೋಕಾಯಿನ್ ಎನ್ನುತ್ತಾರೆ. ಹೊರದೇಶದ ಕೆಲವರಿಗೆ ಒಂದು ಆಟವಿದೆ. ಗುಡ್ಡದಲ್ಲೋ ಪಾರ್ಕಿನಲ್ಲೋ ಡಬ್ಬಿ ಬಚ್ಚಿಟ್ಟು, ಅದು ಇರುವ ಜಾಗವನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಉಪಗ್ರಹದ ಗುರುತು ಹಿಡಿಯುವ ಸಣ್ಣ ಯಂತ್ರ ಹಿಡಿದು ಬೇರೆಯವರು ಹುಡುಕಿಕೊಂಡು ಬರುತ್ತಾರೆ. ಡಬ್ಬಿಯಲ್ಲಿ ಇಂಥ ನಾಣ್ಯವಿದ್ದರೆ ತೆಗೆದುಕೊಂಡು ಹೋಗಿ ಇನ್ನೊಂದು ಊರಿನ ಡಬ್ಬಿಯಲ್ಲಿಟ್ಟು, ಎಲ್ಲಿಟ್ಟೆವೆಂದು ನಂಬರಿನ ಮುಂದೆ ಬರೆಯುತ್ತಾರೆ. ಅದನ್ನು ಯಾರೂ ಇಟ್ಟುಕೊಳ್ಳುವ ಹಾಗಿಲ್ಲ. ಅಂಗಡಿಯಲ್ಲಿ ಅದರ ಬೆಲೆ ನಮ್ಮ ಲೆಕ್ಕಕ್ಕೆ ನಾಲ್ಕುನೂರು ರೂಪಾಯಿ. ಈ ಆಮೆಯನ್ನು ಹೊರಡಿಸಿದವರು ಎಪ್ಪತ್ತೆಂಟು ವರ್ಷದ ಒಬ್ಬ ಮುದುಕರು. ಅವರು ಬರೆದದ್ದನ್ನು ಮೇಡಂ ಕನ್ನಡದಲ್ಲಿ ಹೇಳಿದರು: ನನ್ನ ಎರಡು ಮಂಡಿಯೂ ಕೆಟ್ಟಿವೆ, ಮನೆಯ ಮೆಟ್ಟಿಲು ಇಳಿಯಲಾರೆ. ನಾನು ನೋಡಲಾಗದ ಊರುಗಳನ್ನು ಈ ಆಮೆ ನೋಡಲಿ. ದಯವಿಟ್ಟು ಇದನ್ನು ನಿಲ್ಲಿಸಬೇಡಿ.

ಅದರ ಕೊನೆಯ ನಿಲ್ದಾಣ ಬಿಳಿಕೆರೆಯ ಗುಡ್ಡ ಎಂದಿತ್ತು. ನಾನು ಒಂಟಿ ಹಳಿಯ ಮೇಲೆ ಕೆಲಸ ಮಾಡಿದವನು. ಅಲ್ಲಿ ಡ್ರೈವರನ ಕೈಗೆ ಟೋಕನ್ ಕೊಡದೆ ರೈಲು ಹೊರಡುವ ಹಾಗಿಲ್ಲ, ಮುಂದಿನ ಸ್ಟೇಷನ್ನಿನಲ್ಲಿ ಅವನು ಅದನ್ನು ಒಪ್ಪಿಸಲೇಬೇಕು. ಒಬ್ಬನು ಮರೆತು ಜೇಬಿನಲ್ಲಿಟ್ಟುಕೊಂಡರೆ ಎರಡು ಕಡೆಯ ರೈಲೂ ನಿಲ್ಲುತ್ತವೆ. ದಾರಿಯಲ್ಲಿರುವುದನ್ನು ದಾರಿಯಲ್ಲಿ ತಡೆಯುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಅಷ್ಟನ್ನೂ ಕಾಗದದ ಮೇಲೆ ಪ್ರಿಂಟು ಹಾಕಿಸಿಕೊಂಡು ಭಾನುವಾರ ಹತ್ತಕ್ಕೆ ಬೆಂಚಿನ ಮುಂದೆ ನಿಂತು ಓದಿದೆ. ಆಟದ ವಿವರ, ನಾಲ್ಕುನೂರು ರೂಪಾಯಿ, ಮೂರು ಡಬ್ಲ್ಯುಗಳ ಅರ್ಥ, ಮುದುಕರ ಮಾತು, ಎಲ್ಲವನ್ನೂ. ತಪ್ಪು ನಾಲ್ಕು ಜನರ ಎದುರಿಗೆ ಆಗಿದ್ದರೆ ತಿದ್ದುವುದೂ ನಾಲ್ಕು ಜನರ ಎದುರಿಗೆ ಆಗಬೇಕು ಎನ್ನುವುದು ನಾನು ಕಲಿತ ಕ್ರಮ. ಇದನ್ನು ಮುಂದಕ್ಕೆ ಕಳಿಸಿ ಯಜಮಾನರೇ, ಇದು ಟೋಕನ್ ಇದ್ದ ಹಾಗೆ ಎಂದು ಮುಗಿಸಿದೆ.

ಅವರು ಚಹಾದ ಲೋಟ ಕೆಳಗಿಡಲಿಲ್ಲ. "ಹುಣಸೂರಿಗೆ ನಿಮ್ಮ ರೈಲೇ ಬಂದಿಲ್ವಲ್ಲ ಮಾಸ್ಟ್ರೇ" ಎಂದರು.

ಬೆಂಚು ಪೂರ್ತಿ ನಕ್ಕಿತು. ಆ ಅನುಕೂಲ ಸಿಕ್ಕ ಮೇಲೆ ಅವರು ಬಿಡುವವರಲ್ಲ. ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು, ಇಂಥ ನಾಣ್ಯ ಹುಣಸೂರಿನಲ್ಲಿದೆ ಎಂದು ತಿಳಿದು ಯಾರೋ ಲಪಟಾಯಿಸಲು ಹೂಡಿದ ಆಟ, ಮಾಸ್ಟ್ರು ಒಳ್ಳೆಯವರು, ನಂಬಿಬಿಟ್ಟಿದ್ದಾರೆ ಎಂದು ವಿವರಿಸಿದರು. ಜನಕ್ಕೆ ಅದೇ ಸರಿ ಎನಿಸಿತು. ಸೆರಗಿನಲ್ಲಿ, ಚೀಲದಲ್ಲಿ ಅವರು ಬೆಲೆ ಕಟ್ಟಿಕೊಟ್ಟ ಕಾಸು ಇದ್ದವರಲ್ಲವೇ ಎಲ್ಲರೂ? ಆಮೆ ಸುಳ್ಳಾದರೆ ಅವೂ ಸುಳ್ಳಾಗಬೇಕಿತ್ತು.

ನಾನು ಕಾಗದವನ್ನು ಬೆಂಚಿನ ಮೇಲೆ ಬಿಟ್ಟು ತಿರುಗಿದೆ. ಹಿಂದಿನಿಂದ ಕೇಳಿದರು, "ಎಷ್ಟು ವಯಸ್ಸು ಅಂದ್ರಿ ಆ ಯಜಮಾನ್ರಿಗೆ?"

"ಎಪ್ಪತ್ತೆಂಟು."

"ಮಂಡಿ ಎರಡೂವಾ?"

"ಎರಡೂ. ಬರೆದಿದೆಯಲ್ಲ, ಓದಿಸಿಕೊಳ್ಳಿ" ಎಂದು ಬಂದುಬಿಟ್ಟೆ. ಹಾಸ್ಯಕ್ಕೆ ಕೇಳುತ್ತಿದ್ದಾರೆಂದುಕೊಂಡೆ.

ಒಂದು ತಿಂಗಳಾಗುವಷ್ಟರಲ್ಲಿ ನಾಣ್ಯಕ್ಕೆ ಕೆಂಪು ಮಖಮಲ್ಲಿನ ಚೌಕಟ್ಟು ಬಂತು, ಮುಂದೆ ಗಾಜು, ಹಿಂದೆ ಮೊಳೆ ಹೊಡೆದ ಹಲಗೆ. ಹಜಾರದ ಗೋಡೆಗೆ ತೂಗು ಹಾಕಿದರು. ಅಲ್ಲಿಂದ ಮುಂದೆ ಯಾರಿಗೂ ಕೈಗೆ ಕೊಡಲಿಲ್ಲ, ಗಾಜಿನ ಹೊರಗಿನಿಂದ ನೋಡಬೇಕು. ಹೆಗ್ಗಡದೇವನಕೋಟೆಯಿಂದಲೂ ಜನ ನೋಡಲು ಬಂದರು. ಹಟ, ಅಪ್ಪಟ ಹಟ ಎಂದುಕೊಂಡೆ. ನಾನು ಒಂದು ವಿಷಯವನ್ನು ಮುಗಿಸಿದರೆ ಮತ್ತೆ ತೆರೆಯುವವನಲ್ಲ. ಡೈರಿಯ ಆ ಪುಟದ ಕೆಳಗೆ ಗೆರೆ ಎಳೆದೆ. ಮುಂದೆ ನಾಲ್ಕು ವರ್ಷ ನಮ್ಮಿಬ್ಬರ ಮಾತು ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ ಎನ್ನುವಷ್ಟಕ್ಕೆ ನಿಂತಿತು. ದಿನವೂ ಏಳು ಐದಕ್ಕೆ ಕಾಂಪೌಂಡಿನ ಪಕ್ಕ ಬಂದಾಗ ಅವರ ಕಿಟಕಿಯೊಳಗೆ ಆ ಕೆಂಪು ಚೌಕಟ್ಟು ಕಾಣುತ್ತಿತ್ತು. ಎಲ್ಲೋ ಒಬ್ಬ ಮುದುಕರು ಕಾಯುತ್ತಿದ್ದಾರೆ, ಇಲ್ಲೊಬ್ಬ ಮೂರ್ಖರು ಗಾಜು ಒರೆಸುತ್ತಿದ್ದಾರೆ ಎಂದು ದಿನವೂ ಒಂದೇ ಯೋಚನೆ ಬರುತ್ತಿತ್ತು. ಭಾನುವಾರದ ಕಲ್ಲು, ಬಟ್ಟಲು ಯಾವಾಗ ನಿಂತವೋ ನಾನು ಗಮನಿಸಲಿಲ್ಲ. ಮಂಡಿ ಜಾಸ್ತಿಯಾಗಿರಬೇಕು ಎಂದುಕೊಂಡಿದ್ದೆ.

ಹನ್ನೊಂದನೆಯ ದಿನದ ಮಾರನೆಯ ಬೆಳಿಗ್ಗೆ ಅವರ ಮನೆಯವರು ಆ ಚೌಕಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಜಗಲಿಗೆ ಬಂದರು.

"ಅಣ್ಣ, ಇದನ್ನ ನಿಮಗೇ ಕೊಡಬೇಕು ಅಂತ ಹೇಳಿ ಹೋಗವ್ರೆ. ಮಾಸ್ಟ್ರು ಬಿಚ್ಚಿ ನೋಡ್ಲಿ ಅಂದ್ರು" ಎಂದರು. ಟವೆಲು ಬಿಚ್ಚಿ ಮಡಚಿಕೊಳ್ಳುತ್ತ, "ನನ್ನ ಬಿಂದಿಗೆಗೆ ಸಮ ಆಯ್ತದಾ, ನೋಡಿ ಹೇಳಿ" ಎಂದರು.

ನನಗೆ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಕೊನೆಗಾಲದಲ್ಲಾದರೂ ಬುದ್ಧಿ ಬಂತಲ್ಲ. ಹೊರದೇಶದವರು ಬಂದು ಹೋಗುವ ಬೈಲಕುಪ್ಪೆಗೆ ಒಯ್ದು ಯಾರಿಗಾದರೂ ಒಪ್ಪಿಸುವುದು, ಒಂಬತ್ತೂವರೆಯ ಬಸ್ಸು ಎಂದು ಆಗಲೇ ಮನಸ್ಸಿನಲ್ಲಿ ಗುರುತು ಹಾಕಿದೆ. ಮೊಳೆ ಕಿತ್ತು ಹಲಗೆ ತೆಗೆದು ನಾಣ್ಯವನ್ನು ಅಂಗೈಗೆ ಹಾಕಿಕೊಂಡೆ.

ಹಗುರವಿತ್ತು. ಹಿಂಬದಿ ಬರೀ ಸಪಾಟು, ನಕ್ಷತ್ರವಿಲ್ಲ. ಆಮೆಯ ಬೆನ್ನಿನ ನೀಲಿ ಉಗುರಿಗೆ ಎದ್ದು ಬಂತು. ಯಾರೋ ಅಕ್ಕಸಾಲಿಗರಿಂದ ಅಚ್ಚು ತೆಗೆಸಿ ಅಲ್ಯೂಮಿನಿಯಮ್ಮೋ ಏನೋ ಹೊಯ್ಯಿಸಿ, ಬಾಗಿಲಿಗೆ ಹೊಡೆಯುವ ಬಣ್ಣ ಬಳಿಸಿದ್ದರು. ನಾಲ್ಕು ವರ್ಷ ದಿನವೂ ನೋಡಿದ್ದೆ ನಾನು.

ಮೊದಲು ಬಂದ ಯೋಚನೆ, ಮಾರಿಕೊಂಡಿದ್ದಾರೆ ಎಂದು. ಅಸಲಿಯನ್ನು ಯಾರಿಗೋ ಮಾರಿ, ಬೆಂಚಿನವರ ಕಣ್ಣಿಗೆ ನಕಲಿ ಕಟ್ಟಿ, ಸಾಯುವಾಗ ನನ್ನನ್ನು ಅಣಕಿಸಲು ಕಳಿಸಿದ್ದಾರೆ. ಆ ಕೋಪದಲ್ಲೇ ಹಳೆಯ ಡೈರಿ ಹುಡುಕಿ ತೆಗೆದು ಸೈಬರ್ ಸೆಂಟರಿಗೆ ಹೋದೆ. ಗೆರೆ ಎಳೆದ ಪುಟ ತೆರೆದು ಮೇಡಂ ಮುಂದೆ ಇಟ್ಟೆ.

ಅವರು ಡೈರಿ ನೋಡಲೇ ಇಲ್ಲ. "ಈ ನಂಬರು ನಂಗೆ ಬಾಯಿಪಾಠ ಸಾರ್" ಎಂದು ಹೊಡೆಯತೊಡಗಿದರು.

ನಾನು ಬೆಂಚಿನ ಮುಂದೆ ಓದಿದ ಎರಡನೆಯ ವಾರವೇ ಇವರು ನಾಣ್ಯವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಅಲ್ಲಿಗೆ ಬಂದಿದ್ದರಂತೆ. ಮುದುಕರು ಬರೆದದ್ದನ್ನು ಎರಡು ಸಲ ಓದಿಸಿಕೊಂಡರಂತೆ. ಆಮೇಲೆ ಮೂರು ದಿನ ಬಸ್ಸು ಹತ್ತಿ ಬೈಲಕುಪ್ಪೆಗೆ ಹೋಗಿ, ದೇವಾಲಯದ ಹೊರಗಿನ ಅಂಗಡಿ ಸಾಲಿನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಬಂದ ಹೊರದೇಶದವರಿಗೆಲ್ಲ ಒಂದು ಕಾಗದ ತೋರಿಸಿದರಂತೆ. ನಾನು ಬೆಂಚಿನ ಮೇಲೆ ಬಿಟ್ಟು ಬಂದ ಕಾಗದ. ಮೂರನೆಯ ದಿನ ಆ ಆಟ ಗೊತ್ತಿದ್ದ ಹೊರದೇಶದ ಒಬ್ಬ ನರ್ಸಮ್ಮ ಸಿಕ್ಕಿ, ಅಸಲಿ ನಾಣ್ಯವನ್ನು ಮುಂದಕ್ಕೆ ಒಯ್ದರು. ಅಕ್ಕಸಾಲಿಗರಿಂದ ಅಚ್ಚು ಅಷ್ಟರೊಳಗೆ ತೆಗೆಸಿಯಾಗಿತ್ತು.

ಅದಷ್ಟೇ ಅಲ್ಲ. ಪ್ರತಿ ತಿಂಗಳು ಮೊದಲನೆಯ ಸೋಮವಾರ ಹನ್ನೊಂದಕ್ಕೆ ಬಂದು ಮೇಡಂ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರಂತೆ, ಆಮೆ ಎಲ್ಲಿಗೆ ಬಂತು ತಾಯಿ ಎಂದು. ಸ್ಕೂಲಿನ ಒಂದು ಹಳೆಯ ಭೂಪಟದ ಪುಸ್ತಕ ತಂದಿಟ್ಟಿದ್ದರು. ಮೇಡಂ ಡ್ರಾಯರಿನಿಂದ ತೆಗೆದು ತೋರಿಸಿದರು. ಬೈಲಕುಪ್ಪೆಯಿಂದ ಹೊರಟ ಕೆಂಪು ಗೆರೆ ಮೂರು ಸಮುದ್ರ ದಾಟಿತ್ತು. ಒಂಬತ್ತು ಕಡೆ ಚುಕ್ಕೆ. ಕೊನೆಯ ಚುಕ್ಕೆಯನ್ನು ಅವರು ಹೋಗುವ ಮೂರು ವಾರ ಮೊದಲು ಇಟ್ಟಿದ್ದರು.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಾನು ಕೇಳ್ದೆ ಸಾರ್. ಮಾಸ್ಟ್ರಿಗೆ ಗೊತ್ತಾದ್ರೆ ಬೆಂಚಿನ ಮುಂದೆ ಓದ್ತಾರೆ ಅಂದ್ರು" ಎಂದರು ಮೇಡಂ. ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಬೈಲಕುಪ್ಪೆಯ ಚುಕ್ಕೆಯ ಮುಂದೆ ಅವರು ಬರೆಸಿದ ಟಿಪ್ಪಣಿ ಇತ್ತು. ತಾವು ಹೇಳಿದ ಇಂಗ್ಲಿಷನ್ನೇ ಹೊಡೆಯಬೇಕು, ತಿದ್ದಬಾರದು ಎಂದು ಹಟ ಮಾಡಿದ್ದರಂತೆ. ಮೂರು ಸಾಲು, ಐದು ತಪ್ಪು. ಸರಕು ಬ್ರೈಟ್ ದರ್ಜೆಯದು. ಅದರ ಯಜಮಾನರ ಮಂಡಿ ಬೇಗ ವಾಸಿಯಾಗಲಿ. ಯಾರೂ ಹುಣಸೇಹಣ್ಣು ಹಾಕಿ ತೊಳೆಯಬೇಡಿ. ಹುಣಸೇಹಣ್ಣಿಗೆ ಇಂಗ್ಲಿಷ್ ಗೊತ್ತಾಗದೆ ಅದನ್ನು ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಸಿದ್ದರು. ಅದರ ಕೆಳಗೆ ಮುಂದಿನ ಊರಿನ ಯಾರೋ ಬರೆದಿದ್ದರು: ನಾವು ತೊಳೆದಿಲ್ಲ. ಆದರೆ ಹುಣಸೇಹಣ್ಣು ಎಂದರೆ ಏನು?

ಆ ಪ್ರಶ್ನೆಗೆ ನಾಲ್ಕು ವರ್ಷದಿಂದ ಉತ್ತರ ಹೋಗಿರಲಿಲ್ಲ. ಉತ್ತರ ಗೊತ್ತಿದೆ, ಆದರೆ ಸುಮ್ಕಿರೋಣ ಎಂದಿದ್ದರಂತೆ ಇವರು.

ಅವರ ಮನೆಯವರಿಗೆ, ಬಿಂದಿಗೆಗೆ ಸಮ ಎಂದು ಹೇಳಿದೆ. ಚೌಕಟ್ಟು ಈಗ ನಮ್ಮ ಗೋಡೆಯ ಮೇಲಿದೆ. ಬಂದವರು ಕೇಳಿದರೆ ನಕಲಿ ಎಂದೇ ಹೇಳುತ್ತೇನೆ. ಯಾರೂ ನಂಬುವುದಿಲ್ಲ. ನಾಣ್ಯದ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು ಕಡಿಮೆ ಎಂದು ಮೊದಲು ಬರೆದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಲವತ್ತು ಆನೆಗಳ ಸೊಂಡಿಲು ಹೋಗಿರುವುದು ನಿಜ.

ಆದರೆ ಬಂದ ಕಾಗದಕ್ಕೆ ಉತ್ತರ ಬರೆಯದೆ ಬಿಡುವ ಅಭ್ಯಾಸ ನನಗಿಲ್ಲ. ಮೇಡಂ ಪಕ್ಕದ ಸ್ಟೂಲಿನ ಮೇಲೆ ಕುಳಿತೆ. ಹೇಳುತ್ತ ಹೋದೆ, ಅವರು ಹೊಡೆಯುತ್ತ ಹೋದರು. ಅದು ಒಂದು ಹುಳಿ ಹಣ್ಣು, ಇಲ್ಲಿ ಪಾತ್ರೆ ಬೆಳಗಲು ಬಳಸುತ್ತೇವೆ. ಈ ಟಿಪ್ಪಣಿ ಬರೆಸಿದವರು ಹೋದ ತಿಂಗಳು ತೀರಿಕೊಂಡರು. ನಾಣ್ಯದ ದರ್ಜೆ ಅವರು ಹೇಳಿದ್ದೇ ಸರಿ. ತೊಳೆಯಬೇಡಿ.